ಶೀತ-ಜ್ವರಕ್ಕೆ ಆಂಟಿಬಯಾಟಿಕ್ ಬರೆಯದೆ ಕ್ಲಿನಿಕ್ ನಡೆಸುವುದು ಹೇಗೆ?

"ಸರ್, ಬರೆಯಬಾರದು ಅಂತ ಗೊತ್ತು. ಆದರೆ ಬರೆಯದಿದ್ದರೆ ಪೇಷಂಟು ಪಕ್ಕದ ಕ್ಲಿನಿಕ್ಕಿಗೆ ಹೋಗ್ತಾರೆ. ಏನ್ ಮಾಡೋದು?"

ತಿಂಗಳಿಗೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಹೆಚ್ಚಾಗಿ ಎಂಬಿಬಿಎಸ್ ಮುಗಿಸಿ ಈಗಷ್ಟೇ ಪಿಎಚ್‌ಸಿಗೋ (ಪ್ರಾಥಮಿಕ ಆರೋಗ್ಯ ಕೇಂದ್ರ) ಸರ್ಕಾರದ 'ನಮ್ಮ ಕ್ಲಿನಿಕ್‌'ಗೋ ಸೇರಿದವರು, ಇಲ್ಲವೇ ಊರಲ್ಲಿ ಸ್ವಂತ ಬೋರ್ಡ್ ಹಾಕಿಕೊಂಡವರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಡಾಕ್ಟರಲ್ಲದವರೂ ಓದಬಹುದು, ಕಷ್ಟದ ಪದ ಬಂದಲ್ಲಿ ಬಿಡಿಸಿ ಹೇಳಿದ್ದೇನೆ. ಆದರೆ ಓದಿಕೊಂಡು ನೀವೇ ಮಾತ್ರೆ ತೆಗೆದುಕೊಳ್ಳುವುದಕ್ಕೆ ಇದು ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದೆರಡು ಮಾತಿನಲ್ಲಿ ಹಿನ್ನೆಲೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಇಲ್ಲವೇ ಬೆಳೆಯದಂತೆ ತಡೆಯುತ್ತದೆ. ವೈರಸ್ಸಿಗೆ ಅದು ಲೆಕ್ಕಕ್ಕೇ ಇಲ್ಲ. ರೆಸಿಸ್ಟೆನ್ಸ್ ಅಂದರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೇ ಇರುವುದು. ಗಂಟಲಿಗೆಂದು ಕೊಟ್ಟ ಮಾತ್ರೆ ಗಂಟಲಲ್ಲೇ ನಿಲ್ಲುವುದಿಲ್ಲ, ಹೊಟ್ಟೆಯಲ್ಲಿ ತಮ್ಮ ಪಾಡಿಗಿದ್ದ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ತಾಗುತ್ತದೆ. ಬಗ್ಗುವವು ಸಾಯುತ್ತವೆ, ಬಗ್ಗದವು ಉಳಿದು ಸಂಸಾರ ಬೆಳೆಸುತ್ತವೆ. ಮುಂದೆ ಆ ಮಾತ್ರೆ ನುಂಗಿದ ಹೆಂಗಸಿಗೆ ಉರಿಮೂತ್ರ ಬಂದಾಗ ಯಾವ ಮಾತ್ರೆಯೂ ಕೆಲಸ ಮಾಡದೆ ಅಡ್ಮಿಟ್ ಆಗಬೇಕಾಗುತ್ತದಲ್ಲ, ಅದರ ಬೀಜ ಈ ನೆಗಡಿಯ ಚೀಟಿಯಲ್ಲೇ ಇರಬಹುದು. 2019ರಲ್ಲಿ ಪ್ರಪಂಚದಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಇಂಥ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ ಎಂದು ಅಂದಾಜಿಸಲಾಗಿದೆ. ಇದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಬರೆಯುತ್ತೀರಿ. ನಾನೂ ವರ್ಷಗಟ್ಟಲೆ ಬರೆದವನೇ. ಹಾಗಾಗಿ ಸಮಸ್ಯೆ ತಿಳಿವಳಿಕೆಯದ್ದಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ನಲವತ್ತು ಜನ ಕೂತಿರುವಾಗ ಏನು ಮಾಡಬೇಕು ಎನ್ನುವುದು.

ಮೊದಲು ಏನೇನು ಬೇಕು

ದೊಡ್ಡ ಖರ್ಚೇನಿಲ್ಲ. ಥರ್ಮಾಮೀಟರ್, ಪಲ್ಸ್ ಆಕ್ಸಿಮೀಟರ್, ಒಳ್ಳೆಯ ಟಾರ್ಚ್, ಸೆಕೆಂಡ್ ಮುಳ್ಳಿರುವ ಗೋಡೆ ಗಡಿಯಾರ. ಮೂತ್ರ ಪರೀಕ್ಷೆಯ ಡಿಪ್‌ಸ್ಟಿಕ್ ಪಟ್ಟಿಗಳ ಒಂದು ಡಬ್ಬಿ. ಕಲ್ಚರ್‌ಗೆ ಕಳಿಸಲು ಸ್ಟೆರೈಲ್ ಡಬ್ಬಿಗಳು. ಒಂದು ನೋಟ್‌ಬುಕ್. ಫೋನಿನಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಆಂಟಿಬಯಾಟಿಕ್ ಮಾರ್ಗಸೂಚಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ 'ಅವೇರ್' ಪುಸ್ತಕ, ಎರಡೂ ಪುಕ್ಕಟೆ ಸಿಗುತ್ತವೆ. ಇನ್ನೊಂದು ವಸ್ತು ಬೇಕು, ಅದು ಎಲ್ಲಕ್ಕಿಂತ ಮುಖ್ಯ: ಕನ್ನಡದಲ್ಲಿ ಅಚ್ಚು ಹಾಕಿಸಿದ ಅರ್ಧ ಹಾಳೆಯ ಚೀಟಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

1. ಮಾತ್ರೆ ಬರೆಯುವ ಮುಂಚೆ ಕಾಯಿಲೆಯ ಹೆಸರು ಬರೆಯಿರಿ

'ಇನ್ಫೆಕ್ಷನ್ ಇದೆ' ಎನ್ನುವುದು ಕಾಯಿಲೆಯ ಹೆಸರಲ್ಲ. ಎಲ್ಲಿ ಇನ್ಫೆಕ್ಷನ್, ಯಾವುದರಿಂದ? ಆಂಟಿಬಯಾಟಿಕ್ ಬರೆಯುವ ಪ್ರತಿ ಚೀಟಿಯಲ್ಲೂ ಅದಕ್ಕೆ ಕಾರಣವನ್ನು ಕಡ್ಡಾಯವಾಗಿ ನಮೂದಿಸಿ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು 2024ರ ಜನವರಿಯಲ್ಲೇ ವೈದ್ಯರಿಗೆ ಪತ್ರ ಬರೆದಿದ್ದರು. ಎಷ್ಟು ಜನ ಪಾಲಿಸುತ್ತಿದ್ದಾರೋ, ಬಿಡಿ. ಆದರೆ ಇದು ನಿಮ್ಮ ಸ್ವಂತ ಉಪಯೋಗಕ್ಕೇ ಒಳ್ಳೆಯದು. ಕೈಯಲ್ಲಿ ಪೆನ್ನು ಹಿಡಿದು 'ವೈರಲ್ ಜ್ವರ' ಎಂದು ಬರೆದ ಮೇಲೆ ಅದರ ಕೆಳಗೆ 'ಅಜಿತ್ರೋಮೈಸಿನ್ 500' ಎಂದು ಬರೆಯಲು ಕೈ ಸ್ವಲ್ಪ ತಡೆಯುತ್ತದೆ. ಆ ತಡೆಯೇ ಬೇಕಾಗಿರುವುದು.

'ಯಾವುದಕ್ಕೂ ಇರಲಿ, ಕವರ್ ಮಾಡೋಣ' ಎಂಬ ಮಾತು ತಲೆಯಲ್ಲಿ ಬಂದ ತಕ್ಷಣ ನಿಲ್ಲಿ. ಕಾಯಿಲೆ ಗೊತ್ತಾಗಿಲ್ಲ ಎಂಬುದನ್ನು ನಮಗೆ ನಾವೇ ಮುಚ್ಚಿಟ್ಟುಕೊಳ್ಳುವಾಗ ಬರುವ ಮಾತು ಅದು.

2. ದಿನವೂ ಬರುವ ಆರು ಕಂಪ್ಲೇಂಟು

ನಿಮ್ಮ ಓಪಿಡಿಯಲ್ಲಿ ಆಂಟಿಬಯಾಟಿಕ್ ಖರ್ಚಾಗುವುದು ಹೆಚ್ಚುಕಡಿಮೆ ಈ ಆರರ ಮೇಲೆಯೇ.

*ನೆಗಡಿ, ಕೆಮ್ಮು.* ನೆಗಡಿಗೆ ಔಷಧಿ ತಗೊಂಡರೆ ಏಳು ದಿನ, ತಗೊಳ್ಳದಿದ್ದರೆ ಒಂದು ವಾರ ಅಂತ ನಮ್ಮ ಹಿರಿಯರೇ ತಮಾಷೆ ಮಾಡುತ್ತಿದ್ದರು. ಸಿಂಬಳ ಹಳದಿ-ಹಸಿರಾದರೆ ಬ್ಯಾಕ್ಟೀರಿಯಾ ಎಂದು ಜನ ನಂಬಿದ್ದಾರೆ, ಕೆಲವು ಡಾಕ್ಟರುಗಳೂ ನಂಬಿದ್ದಾರೆ. ಬಣ್ಣ ಬರುವುದು ಬಿಳಿ ರಕ್ತಕಣಗಳಿಂದ, ವೈರಸ್ ನೆಗಡಿಯಲ್ಲೂ ಬರುತ್ತದೆ. ಕೆಮ್ಮಿನ ಲೆಕ್ಕ ಇನ್ನೂ ಮುಖ್ಯ. ವೈರಸ್ಸಿನಿಂದ ಶ್ವಾಸನಾಳ ಕೆರಳಿ ಬರುವ ಕೆಮ್ಮು ಸರಾಸರಿ ಎರಡೂವರೆ ವಾರ ಇರುತ್ತದೆ. ಜನರ ಲೆಕ್ಕದಲ್ಲಿ ಒಂದು ವಾರ ದಾಟಿದರೆ 'ಕಫ ಗಟ್ಟಿಯಾಗಿದೆ'. ಈ ಎರಡು ಲೆಕ್ಕಗಳ ನಡುವಿನ ಹತ್ತು ದಿನದಲ್ಲೇ ಆಂಟಿಬಯಾಟಿಕ್ ನುಗ್ಗುವುದು.

ಹಾಗಂತ ನ್ಯುಮೋನಿಯಾ ತಪ್ಪಿಸಿಕೊಳ್ಳಬಾರದು. ಮಗುವಿನ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೊಂದು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಇದನ್ನು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರಾಟ. ಪಕ್ಕೆ ಒಳಗೆ ಎಳೆಯುತ್ತಿದೆಯಾ ನೋಡಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಬೇಡ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಇದ್ದರೆ ಈ ಲೇಖನದ ಯಾವ ಮಾತೂ ಅನ್ವಯಿಸುವುದಿಲ್ಲ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಕಳಿಸಿ.

*ಗಂಟಲು ನೋವು.* ನಾಲ್ಕು ಸಂಗತಿ ನೋಡಿ: ಜ್ವರ ಇದೆಯಾ, ಟಾನ್ಸಿಲ್ ಮೇಲೆ ಬಿಳಿ ಪದರ ಇದೆಯಾ, ಕತ್ತಿನ ಮುಂಭಾಗದ ಗಂಟು ಮುಟ್ಟಿದರೆ ನೋವಾ, ಕೆಮ್ಮು ಇಲ್ಲವಾ. ಇದಕ್ಕೆ ಸೆಂಟರ್ ಸ್ಕೋರ್ ಎನ್ನುತ್ತಾರೆ. ಮೂರು-ನಾಲ್ಕಕ್ಕೆ ಹೌದು ಎಂದಾದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಹೆಚ್ಚು. ನೆಗಡಿ, ಕೆಮ್ಮು, ದನಿ ಒಡೆದಿರುವುದು ಇದ್ದರೆ ವೈರಸ್ಸೇ. ಸ್ಟ್ರೆಪ್ ಎಂದು ಅನಿಸಿದರೆ ಮಾತ್ರ ಧಾರಾಳವಾಗಿ ಅಮಾಕ್ಸಿಸಿಲಿನ್ ಕೊಡಿ, ಹತ್ತು ದಿನ ಪೂರ್ತಿ ಕೊಡಿ. ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಜಿಪುಣತನ ಮಾಡುವ ಜಾಗ ಇದಲ್ಲ.

*ಭೇದಿ.* ನೀರು ನೀರಾಗಿ ಹೋಗುತ್ತಿದ್ದರೆ ಓಆರ್‌ಎಸ್. ಮಕ್ಕಳಿಗೆ ಜೊತೆಗೆ ಝಿಂಕ್: ಆರು ತಿಂಗಳು ದಾಟಿದ್ದರೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕದಾದರೆ 10, ಭೇದಿ ನಿಂತರೂ 14 ದಿನ. ಓಫ್ಲಾಕ್ಸಾಸಿನ್ ಜೊತೆ ಆರ್ನಿಡಜೋಲ್ ಬೆರೆಸಿದ ಮಾತ್ರೆ ನಮ್ಮ ಊರುಗಳಲ್ಲಿ ಭೇದಿಗೆ ಕಾಫಿ-ತಿಂಡಿಯಷ್ಟು ಮಾಮೂಲಾಗಿದೆ. ಒಂದು ಕಾಯಿಲೆಗೆ ಎರಡು ಬೇಡದ ಔಷಧಿ. ಮಲದಲ್ಲಿ ರಕ್ತ, ಜೊತೆಗೆ ಜ್ವರ, ಅಥವಾ ಕಾಲರಾ ಅನುಮಾನ ಇದ್ದರೆ ಮಾತು ಬೇರೆ.

*ಕಿವಿ ನೋವು.* ಎರಡು ವರ್ಷ ದಾಟಿದ ಮಗು, ಒಂದೇ ಕಿವಿ, ಸಣ್ಣ ಜ್ವರ, ಕಿವಿ ಸೋರುತ್ತಿಲ್ಲ ಎಂದಾದರೆ ನೋವಿನ ಔಷಧಿ ಕೊಟ್ಟು ಎರಡು-ಮೂರು ದಿನ ನೋಡಬಹುದು. ಅದಕ್ಕಿಂತ ಚಿಕ್ಕ ಮಗುವಿಗೆ ಎರಡೂ ಕಿವಿಯಾಗಿದ್ದರೆ ಕಾಯಬೇಡಿ.

*ಉರಿಮೂತ್ರ.* ಗರ್ಭಿಣಿಯಲ್ಲದ, ಬೇರೆ ಕಾಯಿಲೆಯಿಲ್ಲದ ಹೆಂಗಸು, ಜ್ವರವಿಲ್ಲ, ಸೊಂಟದ ಮೇಲೆ ಬೆನ್ನಿನ ಪಕ್ಕೆಯಲ್ಲಿ ನೋವಿಲ್ಲ. ಹೀಗಿದ್ದರೆ ನೈಟ್ರೋಫ್ಯುರಾಂಟೋಯಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಸಲ, ಐದು ದಿನ. ಹಳೆಯ ಔಷಧಿ, ಅಗ್ಗ, ಇನ್ನೂ ಕೆಲಸ ಮಾಡುತ್ತದೆ. ಕಿಡ್ನಿಯಲ್ಲೇ ಸೋಂಕಾಗಿದ್ದರೆ, ಕಿಡ್ನಿ ಕೆಲಸ ಕುಗ್ಗಿದ್ದರೆ, ಹೆರಿಗೆ ಹತ್ತಿರವಿದ್ದರೆ ಇದು ಬೇಡ. ಇದಕ್ಕೆ ಸಿಪ್ರೋಫ್ಲಾಕ್ಸಾಸಿನ್ ಕೊಡುವ ಕಾಲ ಮುಗಿದಿದೆ. ಪದೇ ಪದೇ ಬರುವವರಿಗೆ, ಗರ್ಭಿಣಿಯರಿಗೆ, ಗಂಡಸರಿಗೆ ಮೊದಲು ಕಲ್ಚರ್‌ಗೆ ಮೂತ್ರ ತೆಗೆದಿಟ್ಟು ಆಮೇಲೆ ಮಾತ್ರೆ ಶುರು ಮಾಡಿ. ಕಲ್ಚರ್ ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವುದು. ಎರಡು ಡೋಸ್ ನುಂಗಿದ ಮೇಲೆ ಕಳಿಸಿದರೆ ಏನೂ ಬೆಳೆಯದೆ ಹೋಗಬಹುದು, ದುಡ್ಡು ದಂಡ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಸಕ್ಕರೆ ಕಾಯಿಲೆಯ ಅಜ್ಜಿಗೆ ರೊಟೀನ್ ಟೆಸ್ಟ್‌ನಲ್ಲಿ 'ಪಸ್ ಸೆಲ್ಸ್ (ಕೀವಿನ ಕಣ) 15-20' ಎಂದು ಬರುತ್ತದೆ. ಉರಿಯಿಲ್ಲ, ಜ್ವರವಿಲ್ಲ, ಅಜ್ಜಿ ಆರಾಮಾಗಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾರೆ. ರಿಪೋರ್ಟಿಗೆ ಔಷಧಿ ಬರೆಯಬೇಡಿ. ತೊಂದರೆಯೇ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಚಿಕಿತ್ಸೆ ಬೇಕಾಗುವುದು ಮುಖ್ಯವಾಗಿ ಗರ್ಭಿಣಿಯರಿಗೆ ಮತ್ತು ಮೂತ್ರನಾಳದ ಕೆಲವು ಆಪರೇಷನ್‌ಗೆ ಹೋಗುವವರಿಗೆ.

*ಕುರು, ಗಾಯ.* ಕೀವು ತುಂಬಿದ ಕುರುವಿಗೆ ಮದ್ದು ಬ್ಲೇಡು. ಕೀವು ತೆಗೆಯದೆ ಮಾತ್ರೆ ಮಾತ್ರ ಕೊಟ್ಟರೆ ಅದು ಒಳಗೆ ಹೋಗುವುದೇ ಕಷ್ಟ. ಸಾಮಾನ್ಯ ತರಚು ಗಾಯಕ್ಕೆ ಸೋಪು-ನೀರು ಮತ್ತು ಟಿಟಿ ಲೆಕ್ಕ ನೋಡಿದರೆ ಸಾಕು.

3. ಕಾರಣ ಕಾಣದ ಜ್ವರ

ಇದೇ ಕಷ್ಟದ ಜಾಗ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಎರಡು-ಮೂರು ದಿನದ ಜ್ವರ, ಮೈಕೈ ನೋವು, ಬೇರೇನೂ ಸಿಗುತ್ತಿಲ್ಲ, ರೋಗಿ ಚೆನ್ನಾಗಿಯೇ ಇದ್ದಾರೆ ಎಂದಾದರೆ ಪ್ಯಾರಾಸಿಟಮಾಲ್, ನೀರು, ಕಾಯುವುದು. ಮಳೆಗಾಲವಾದರೆ ಡೆಂಗಿ ಟೆಸ್ಟ್. ಸಣ್ಣ ಜ್ವರಕ್ಕೆ ಮತ್ತು ವೈರಸ್ಸಿನ ಕೆಮ್ಮಿಗೆ ಆಂಟಿಬಯಾಟಿಕ್ ಬೇಡ ಎಂದು ಐಸಿಎಂಆರ್ 2022ರಲ್ಲೇ ಹೇಳಿದೆ.

ಆದರೆ ನಮ್ಮಲ್ಲಿ ಆಗುವುದು ಬೇರೆ. ಮೂರನೇ ದಿನ ಲ್ಯಾಬಿಗೆ ಕಳಿಸಿ ಟೈಫಾಯ್ಡಿಗೆಂದು ಮಾಡುವ ವಿಡಾಲ್ ರಕ್ತಪರೀಕ್ಷೆ ಮಾಡಿಸುತ್ತಾರೆ. '1:80 ಪಾಸಿಟಿವ್' ಎಂದು ಬರುತ್ತದೆ. ಮನೆಯವರೆಲ್ಲ 'ಟೈಫಾಯ್ಡ್ ಅಂತೆ' ಎಂದು ಗಾಬರಿ, ಕೈಗೆ ಡ್ರಿಪ್ಪು, ಏಳು ದಿನ ಇಂಜೆಕ್ಷನ್. ವಿಡಾಲ್ ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ನಮ್ಮ ಕಡೆ ಹಿಂದೆಂದೋ ಆದ ಸೋಂಕಿನ ಗುರುತು ಎಷ್ಟೋ ಜನರ ರಕ್ತದಲ್ಲಿ ಇದ್ದೇ ಇರುತ್ತದೆ. ಒಂದೇ ಒಂದು ವಿಡಾಲ್ ನೋಡಿ ಟೈಫಾಯ್ಡ್ ಎಂದು ಹೇಳಲು ಬರುವುದಿಲ್ಲ, ಅದೂ ಮೂರನೇ ದಿನ. ನಿಜವಾಗಿ ಟೈಫಾಯ್ಡ್ ಅನುಮಾನ ಇದ್ದರೆ ಮೊದಲ ವಾರದಲ್ಲಿ, ಆಂಟಿಬಯಾಟಿಕ್ ಶುರು ಮಾಡುವ ಮುಂಚೆ, ಬ್ಲಡ್ ಕಲ್ಚರ್ ಕಳಿಸಿ. ತಾಲ್ಲೂಕಿನಲ್ಲಿ ಆಗದಿದ್ದರೆ ಜಿಲ್ಲಾ ಕೇಂದ್ರಕ್ಕೆ ಕಳಿಸಲು ಲ್ಯಾಬಿನವರೊಂದಿಗೆ ವ್ಯವಸ್ಥೆ ಮಾಡಿಕೊಳ್ಳಿ. ಇನ್ನೊಂದು ವಿಷಯ. ಟೈಫಾಯ್ಡಿಗೆ ಸರಿಯಾದ ಔಷಧಿ ಶುರುವಾದ ಮೇಲೂ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಹಿಡಿಯುತ್ತದೆ. ಎರಡನೇ ದಿನವೇ 'ಕೆಲಸ ಮಾಡ್ತಿಲ್ಲ' ಎಂದು ಔಷಧಿ ಬದಲಿಸುವವರೇ ಜಾಸ್ತಿ.

ಹಾಗೆಯೇ, ಬೇಕಾದಾಗ ಬರೆಯದಿರುವುದೂ ತಪ್ಪು. ಗದ್ದೆ, ತೋಟ, ಕಾಡಂಚಿನಲ್ಲಿ ಕೆಲಸ ಮಾಡುವವರಿಗೆ ಐದು ದಿನ ದಾಟಿದ ಜ್ವರ ಇದ್ದರೆ ಬಟ್ಟೆ ಸಡಿಲಿಸಿ ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ಪಟ್ಟಿ ಕೂರುವ ಜಾಗ ನೋಡಿ. ಬೀಡಿಯಲ್ಲಿ ಸುಟ್ಟ ಹಾಗೆ ಸಣ್ಣ ಕಪ್ಪು ಗುರುತು, ನೋವಿಲ್ಲ, ತುರಿಕೆಯಿಲ್ಲ. ಅದು ಸ್ಕ್ರಬ್ ಟೈಫಸ್. ಸಣ್ಣ ಹುಳ ಕಚ್ಚಿ ಬರುವ ಬ್ಯಾಕ್ಟೀರಿಯಾ ಕಾಯಿಲೆ, ಡಾಕ್ಸಿಸೈಕ್ಲಿನ್‌ಗೆ ಸಾಮಾನ್ಯವಾಗಿ ಎರಡು ದಿನದಲ್ಲೇ ಜ್ವರ ಇಳಿಯುತ್ತದೆ. ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ಗದ್ದೆಗಿಳಿದವರಿಗೆ ಜ್ವರದ ಜೊತೆ ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಎಂದರೆ ಇಲಿಜ್ವರ ನೆನಪಿಗೆ ಬರಬೇಕು. ಈ ಎರಡಕ್ಕೂ ರಿಪೋರ್ಟ್ ಬರಲಿ ಎಂದು ಕಾಯುತ್ತ ಕೂರಬೇಡಿ.

4. ಬರೆಯಲೇಬೇಕಾದಾಗ: ಯಾವುದು, ಎಷ್ಟು ದಿನ

ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಇದೇ ಅವೇರ್. ಮೊದಲನೆಯದು 'ಆಕ್ಸೆಸ್', ಸುಲಭಕ್ಕೆ ಕೈಗೆ ಬರಬೇಕಾದವು: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ನೈಟ್ರೋಫ್ಯುರಾಂಟೋಯಿನ್, ಸೆಫಲೆಕ್ಸಿನ್. ಎರಡನೆಯದು 'ವಾಚ್', ಕಣ್ಣಿಟ್ಟು ಬಳಸಬೇಕಾದವು: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್. ಮೂರನೆಯದು 'ರಿಸರ್ವ್', ಬೇರೆ ದಾರಿಯೇ ಇಲ್ಲದಾಗ ಮಾತ್ರ: ಕೊಲಿಸ್ಟಿನ್, ಲಿನೆಜೋಲಿಡ್. ಒಟ್ಟು ಬಳಕೆಯಲ್ಲಿ ಮೊದಲ ಗುಂಪಿನದ್ದು 2030ರೊಳಗೆ ನೂರಕ್ಕೆ 70 ಆದರೂ ಇರಬೇಕು ಎಂಬುದು ವಿಶ್ವಸಂಸ್ಥೆ 2024ರಲ್ಲಿ ಇಟ್ಟುಕೊಂಡ ಗುರಿ. ನಿಮ್ಮ ಹಿಂದಿನ ವಾರದ ಚೀಟಿಗಳನ್ನು ಈ ಮೂರು ಗುಂಪಿಗೆ ಹಂಚಿ ನೋಡಿ. ನಾನು ಮೊದಲ ಸಲ ಹಂಚಿ ನೋಡಿದಾಗ ಅಜಿತ್ರೋ ಮತ್ತು ಸೆಫಿಕ್ಸಿಮ್ ಎರಡೇ ಅರ್ಧ ಪುಟ ತುಂಬಿಸಿದ್ದವು.

ಎಚ್ಚರ ಬೇಕಾದ ನಾಲ್ಕು ಕಡೆ:

ಒಂದು, ಕೆಮ್ಮಿಗೆ ಲಿವೋಫ್ಲಾಕ್ಸಾಸಿನ್. ಇದು ಟಿಬಿಯ ಮೇಲೂ ಕೆಲಸ ಮಾಡುತ್ತದೆ. ಹತ್ತು ದಿನ ಕೊಟ್ಟರೆ ಟಿಬಿ ರೋಗಿಗೆ ಸ್ವಲ್ಪ ಆರಾಮೆನಿಸುತ್ತದೆ, ಕಫ ಪರೀಕ್ಷೆ ನೆಗೆಟಿವ್ ಬರಬಹುದು, ರೋಗ ಪತ್ತೆಯಾಗುವುದು ತಿಂಗಳು ತಡವಾಗುತ್ತದೆ. ನನ್ನ ಕೈಯಲ್ಲೇ ಹೀಗೆ ಆಗಿದೆ. ಲಾರಿ ಕ್ಲೀನರ್ ಹುಡುಗ, ಎರಡು ಸಲ 'ಸ್ಟ್ರಾಂಗ್ ಕೋರ್ಸ್' ಬರೆದುಕೊಟ್ಟೆ, ಮೂರನೇ ಸಲ ಬರುವ ಹೊತ್ತಿಗೆ ಎಂಟು ಕಿಲೋ ಇಳಿದಿದ್ದ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಟ್ರೂನ್ಯಾಟ್‌ಗೆ (ಟಿಬಿ ಪತ್ತೆಯ ಯಂತ್ರ ಪರೀಕ್ಷೆ) ಹೋಗಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಯಂತ್ರವೂ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡದ್ದು.

ಎರಡು, ಬೆರಕೆ ಮಾತ್ರೆಗಳು. ಸೆಫಿಕ್ಸಿಮ್ ಜೊತೆ ಓಫ್ಲಾಕ್ಸಾಸಿನ್, ಸೆಫಿಕ್ಸಿಮ್ ಜೊತೆ ಅಜಿತ್ರೋ, ಇಂಥವನ್ನು ಕಂಪನಿಯ ರೆಪ್ ಎಷ್ಟೇ ಚೆನ್ನಾಗಿ ವರ್ಣಿಸಲಿ, ಬರೆಯಬೇಡಿ. ಎರಡು ಬಾಣ ಒಟ್ಟಿಗೆ ಬಿಟ್ಟರೆ ಒಂದಾದರೂ ತಾಗುತ್ತದೆ ಎನ್ನುವವನು ಗುರಿಯನ್ನೇ ನೋಡಿಲ್ಲ.

ಮೂರು, 'ಪೆನ್ಸಿಲಿನ್ ಆಗಲ್ಲ' ಎನ್ನುವವರು. ಏನಾಯಿತು ಎಂದು ಬಿಡಿಸಿ ಕೇಳಿ. ವಾಂತಿ, ಭೇದಿ ಆದದ್ದು ಅಲರ್ಜಿಯಲ್ಲ. ಮೈಮೇಲೆ ದದ್ದು ಎದ್ದು, ಮುಖ ಊದಿ, ಉಸಿರು ಕಟ್ಟಿದ್ದರೆ ಅದು ಅಲರ್ಜಿ. ಅವರಿಗೆ ಪೆನ್ಸಿಲಿನ್ ಗುಂಪು ಮುಟ್ಟಬೇಡಿ, ಚೀಟಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದುಕೊಡಿ.

ನಾಲ್ಕು, ದಿನಗಳ ಲೆಕ್ಕ. ಏಳು, ಹತ್ತು, ಹದಿನಾಲ್ಕು ಎನ್ನುವುದೆಲ್ಲ ಹೆಚ್ಚಾಗಿ ಅಭ್ಯಾಸಬಲ. ಮನೆಯಲ್ಲಿರುವಾಗ ಬಂದ ನ್ಯುಮೋನಿಯಾಕ್ಕೆ, ಚರ್ಮದ ಸೋಂಕಿಗೆ ಐದು ದಿನ ಸಾಕೆಂದು ಐಸಿಎಂಆರ್ ಹೇಳುತ್ತದೆ, ರೋಗಿ ಸುಧಾರಿಸುತ್ತಿದ್ದರೆ. 'ಕೋರ್ಸ್ ಪೂರ್ತಿ ಮಾಡಿ' ಎಂದು ರೋಗಿಗೆ ಹೇಳುವುದು ಸರಿ, ಆದರೆ ಆ ಕೋರ್ಸನ್ನು ಬೇಕಾದಷ್ಟೇ ಉದ್ದ ಬರೆಯುವುದು ನಮ್ಮ ಕೆಲಸ. ಮಕ್ಕಳಿಗೆ ತೂಕ ಹಾಕಿಯೇ ಡೋಸ್ ಬರೆಯಿರಿ. ವಯಸ್ಸು ನೋಡಿ 'ಅರ್ಧ ಚಮಚ' ಎಂದರೆ ಕಡಿಮೆ ಬೀಳುತ್ತದೆ, ಕಡಿಮೆ ಡೋಸ್ ಕೂಡ ಬಗ್ಗದ ಬ್ಯಾಕ್ಟೀರಿಯಾ ಬೆಳೆಸುವ ದಾರಿಯೇ.

5. ಬರೆಯದೇ ಇದ್ದಾಗ: ಎರಡು ನಿಮಿಷದ ಮಾತು

ಪಕ್ಕದ ಕ್ಲಿನಿಕ್ಕಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ರೋಗಿ ಬಂದಿರುವುದು ಆಂಟಿಬಯಾಟಿಕ್‌ಗಲ್ಲ. ಆಟೋಗೆ ದುಡ್ಡು ಕೊಟ್ಟು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಾರೆ, ಬರಿಗೈಯಲ್ಲಿ ಹೋಗಲು ಮನಸ್ಸಾಗುವುದಿಲ್ಲ, ಅಷ್ಟೆ. 'ಏನೂ ಇಲ್ಲ, ವೈರಲ್' ಎಂದು ಪ್ಯಾರಾಸಿಟಮಾಲ್ ಗೀಚಿ ಕಳಿಸಿದರೆ ಅವರಿಗೆ ಕೇಳಿಸುವುದು 'ನಿನ್ನನ್ನು ನಾನು ಸರಿಯಾಗಿ ನೋಡಲಿಲ್ಲ' ಎಂದು. ಡಾಕ್ಟರ ಕೈಗುಣ ಎನ್ನುತ್ತಾರಲ್ಲ, ಅದು ಈ ಎರಡು ನಿಮಿಷದಲ್ಲಿದೆ.

ಪರೀಕ್ಷೆ ಮಾಡುವಾಗಲೇ ಬಾಯಿಬಿಟ್ಟು ಹೇಳುತ್ತಾ ಹೋಗಿ. "ನೋಡಮ್ಮಾ, ಉಸಿರು ಎಣಿಸ್ತಿದ್ದೀನಿ. ಮೂವತ್ತೆರಡು, ಚೆನ್ನಾಗಿದೆ. ಎದೆ ಕ್ಲಿಯರ್ ಇದೆ, ನ್ಯುಮೋನಿಯಾ ಇಲ್ಲ. ಕಿವಿ ಸರಿಯಾಗಿದೆ. ಗಂಟಲು ಸ್ವಲ್ಪ ಕೆಂಪಾಗಿದೆ, ಬಿಳಿ ಪದರ ಇಲ್ಲ." ಇಷ್ಟು ಹೇಳುವ ಹೊತ್ತಿಗೆ ತಾಯಿಯ ಮುಖದಲ್ಲಿ ಅರ್ಧ ಗಾಬರಿ ಇಳಿದಿರುತ್ತದೆ. ಆಮೇಲೆ ಕೇಳಿ: "ನಿಮಗೆ ಯಾವುದರ ಹೆದರಿಕೆ ಜಾಸ್ತಿ?" ಹೋದ ವರ್ಷ ಅಕ್ಕನ ಮಗು ಐಸಿಯು ಸೇರಿದ್ದು, ನಾಳಿದ್ದು ಮನೆಯಲ್ಲಿ ಗೃಹಪ್ರವೇಶ ಇರುವುದು, ಹೀಗೆ ಏನೋ ಒಂದು ಹೊರಗೆ ಬರುತ್ತದೆ. ಉತ್ತರ ಕೊಡಬೇಕಾದದ್ದು ಅದಕ್ಕೆ.

ನಂತರ ಏನು ಮಾಡಬೇಕೆಂದು ಹೇಳಿ. ಏನು ಬೇಡ ಎಂಬುದು ಆಮೇಲಿರಲಿ. ಪ್ಯಾರಾಸಿಟಮಾಲ್ ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ. ಬಿಸಿ ಗಂಜಿ, ಸಾರು. ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ ಒಂದು ಚಮಚ ಜೇನು, ಅದಕ್ಕಿಂತ ಚಿಕ್ಕದಕ್ಕೆ ಜೇನು ಬೇಡ. ಕೆಮ್ಮು ಇನ್ನೂ ಎರಡು ವಾರ ಇರಬಹುದು ಎಂದು ಈಗಲೇ ಹೇಳಿಬಿಡಿ. ಇವತ್ತು ಹೇಳಿದರೆ ಅದು ನಿಮ್ಮ ಅಂದಾಜು, ಮುಂದಿನ ವಾರ ಹೇಳಿದರೆ ನೆಪ. ಕೊನೆಗೆ ಆ ಅರ್ಧ ಹಾಳೆಯ ಚೀಟಿಯನ್ನು ಕೈಗೆ ಕೊಡಿ, ಮಗುವಿನ ಹೆಸರು ಬರೆದು, ಸಹಿ ಹಾಕಿ. ಬರಿಗೈಯಲ್ಲಿ ಕಳಿಸಬೇಡಿ.

6. 'ಮೂರು ದಿನ ನೋಡೋಣ' ಎಂಬ ಪದ್ಧತಿ

ಇಂಗ್ಲೆಂಡಿನಂಥ ಕಡೆ, ಚೀಟಿ ಬರೆದುಕೊಟ್ಟು 'ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ ಮಾತ್ರ ತಗೊಳ್ಳಿ' ಎನ್ನುವ ರೂಢಿ ಇದೆ. ಎಷ್ಟೋ ಜನ ಆ ಮಾತ್ರೆ ಕೊಳ್ಳುವುದೇ ಇಲ್ಲ. ನಮ್ಮಲ್ಲಿ ಇದು ಹಾಗೇ ನಡೆಯುವುದಿಲ್ಲ ಎಂಬುದು ನನ್ನ ಅನುಭವ. ಚೀಟಿ ಕೈಗೆ ಬಿದ್ದರೆ ಬಸ್ ಹತ್ತುವ ಮುಂಚೆಯೇ ಮಾತ್ರೆ ಚೀಲ ಸೇರಿರುತ್ತದೆ. ಅದಕ್ಕೆ ನಾನು ಮಾಡುವುದು: ಆಂಟಿಬಯಾಟಿಕ್ ಚೀಟಿ ಕೊಡುವುದಿಲ್ಲ, ಮೂರು ದಿನಕ್ಕೂ ಕಡಿಮೆಯಾಗದೆ ಮತ್ತೆ ಬಂದರೆ ಫೀಸ್ ಇಲ್ಲ, ಕ್ಯೂ ಕೂಡ ಇಲ್ಲ. ದಿನಕ್ಕೆ ಒಂದಿಬ್ಬರು ಹೀಗೆ ಬರುತ್ತಾರೆ, ಅಷ್ಟೇ. ದೂರದ ಹಳ್ಳಿಯವರಾದರೆ ಕ್ಲಿನಿಕ್ ಫೋನ್ ನಂಬರ್, ಅಲ್ಲಿನ ಆಶಾ ಕಾರ್ಯಕರ್ತೆಯ ಹೆಸರು ಆ ಅರ್ಧ ಹಾಳೆಯ ಚೀಟಿಯಲ್ಲಿ ಬರೆದುಕೊಡಿ.

7. ಇಂಜೆಕ್ಷನ್ ಹಾಕಿ ಎನ್ನುವವರಿಗೆ

"ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ." ಒಂದೇ ಒಂದು ಅಮಿಕಾಸಿನ್ ಅಥವಾ ಜೆಂಟಾಮೈಸಿನ್ ಚುಚ್ಚಿ ಕಳಿಸುವುದರಿಂದ ಜ್ವರಕ್ಕೆ ಏನೂ ಆಗುವುದಿಲ್ಲ. ಕಿಡ್ನಿ, ಕಿವಿಗೆ ಅಪಾಯ ಬೇರೆ. ಅದರ ಜೊತೆ ಸ್ಟೀರಾಯ್ಡ್ ಬೆರೆಸಿದರೆ ಸಂಜೆಗೆ ಜ್ವರ ಇಳಿಯುತ್ತದೆ ನಿಜ, ಹೆಸರೂ ಬರುತ್ತದೆ, ಒಳಗಿನ ಕಾಯಿಲೆ ಮಾತ್ರ ಮುಚ್ಚಿಹೋಗುತ್ತದೆ. ಬೇಡ. "ಇವತ್ತಿನ ಮಾತ್ರೆ ರಕ್ತಕ್ಕೆ ಸೇರೋದಕ್ಕೆ ಮುಕ್ಕಾಲು ಗಂಟೆ ಸಾಕು, ಸೂಜಿಯ ನೋವು ಯಾಕೆ ಯಜಮಾನ್ರೇ?" ಎಂದರೆ ಹೆಚ್ಚಿನವರು ನಗುತ್ತಾ ಒಪ್ಪುತ್ತಾರೆ. ಒಪ್ಪದವರು ಕೆಲವರು ಇರುತ್ತಾರೆ, ಹೋಗಲಿ ಬಿಡಿ.

8. ಮೆಡಿಕಲ್ ಶಾಪಿನವರ ಜೊತೆ ಒಂದು ಕಾಫಿ

ನೀವು ಬರೆಯದೆ ಕಳಿಸಿದ್ದು ಎದುರಿನ ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಕ್ಕರೆ ಏನು ಪ್ರಯೋಜನ? ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್‌ನಂಥವು 2014ರಿಂದ ಶೆಡ್ಯೂಲ್ ಎಚ್1ರಲ್ಲಿವೆ. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಯಾರು ಬರೆದರು, ಯಾರಿಗೆ, ಎಷ್ಟು ಎಂದು ಬೇರೆ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಇಡಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇರುವ ಮಾತ್ರೆ ಚೀಟಿ ಇಲ್ಲದೆ ಬೇಡ ಎಂದು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೂ ಮಾಡಿತ್ತು. ಕಾನೂನು ಹೇಳಿ ಹೆದರಿಸಲು ಹೋಗಬೇಡಿ, ಸುಮ್ನೆ ಜಗಳವಾಗುತ್ತದೆ. ಹೋಗಿ ಕೂತು ಮಾತಾಡಿ. ನಿಮ್ಮ ಚೀಟಿಗಳಲ್ಲಿ ಓಆರ್‌ಎಸ್, ಝಿಂಕ್, ನೈಟ್ರೋಫ್ಯುರಾಂಟೋಯಿನ್, ಡಾಕ್ಸಿಸೈಕ್ಲಿನ್ ಬರುತ್ತವೆ, ಸ್ಟಾಕ್ ಇಡಿ ಎಂದು ಹೇಳಿ. ಅಂಗಡಿಯವರಿಗೂ ವ್ಯಾಪಾರ ನಡೆಯಬೇಕಲ್ಲ.

9. ವಾರಕ್ಕೊಮ್ಮೆ ಎಣಿಸಿ

ಶನಿವಾರ ಸಂಜೆ ಹತ್ತು ನಿಮಿಷ. ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ: ಈ ವಾರ ನೆಗಡಿ-ಕೆಮ್ಮು-ಭೇದಿಗೆ ಬಂದವರು ಎಷ್ಟು, ಅವರಲ್ಲಿ ಆಂಟಿಬಯಾಟಿಕ್ ಬರೆದದ್ದು ಎಷ್ಟು ಜನಕ್ಕೆ. ಯಾರಿಗೂ ತೋರಿಸಬೇಕಿಲ್ಲ. ಸಂತೆ ದಿನ, ರಶ್ ದಿನ ಸಂಖ್ಯೆ ಏರುವುದು ನಿಮಗೇ ಕಾಣುತ್ತದೆ.

ಇನ್ನೊಂದು ಅಗ್ಗದ ಉಪಾಯ. ಲಾಸ್ ಏಂಜಲೀಸ್‌ನ ಐದು ಕ್ಲಿನಿಕ್‌ಗಳಲ್ಲಿ, 'ಬೇಕಿಲ್ಲದಾಗ ನಾನು ಆಂಟಿಬಯಾಟಿಕ್ ಬರೆಯುವುದಿಲ್ಲ' ಎಂಬ ಪತ್ರವನ್ನು ಡಾಕ್ಟರ ಫೋಟೋ, ಸಹಿ ಸಮೇತ ಪೋಸ್ಟರ್ ಮಾಡಿ ಕೋಣೆಯಲ್ಲಿ ತೂಗುಹಾಕಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಪೋಸ್ಟರ್ ಇಲ್ಲದವರಿಗೆ ಹೋಲಿಸಿದರೆ ಬೇಡದ ಆಂಟಿಬಯಾಟಿಕ್ ಪ್ರಮಾಣ ನೂರಕ್ಕೆ ಸುಮಾರು 20ರಷ್ಟು ಇಳಿಯಿತು. ಒಂದು ಫ್ಲೆಕ್ಸ್ ಪ್ರಿಂಟಿನ ಖರ್ಚು. ರೋಗಿ ಓದುತ್ತಾರೋ ಇಲ್ಲವೋ, ತನ್ನದೇ ಮುಖ ಗೋಡೆಯಿಂದ ನೋಡುತ್ತಿರುವಾಗ ಡಾಕ್ಟರಿಗೆ ಮಾತು ತಪ್ಪಲು ಮುಜುಗರ, ಅಲ್ವಾ?

ಒಂದೇ ದಿನ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಮೊದಲ ತಿಂಗಳು ನೆಗಡಿ ಮತ್ತು ನೀರು ಭೇದಿ, ಇವೆರಡೇ ಸಾಕು.

ಚೀಟಿಯ ಒಕ್ಕಣೆ ಕಳಿಸಿ ಎಂದು ಕೇಳುವವರಿಗಾಗಿ ನನ್ನದನ್ನು ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ ಊರಿನ ಮಾತಿಗೆ ತಕ್ಕಂತೆ ತಿದ್ದಿಕೊಳ್ಳಿ, ಅಕ್ಷರ ದೊಡ್ಡದಿರಲಿ.

> ಹೆಸರು: ............ ದಿನಾಂಕ: ............
>
> ನಿಮ್ಮನ್ನು ಪೂರ್ತಿ ಪರೀಕ್ಷೆ ಮಾಡಿದ್ದೇನೆ. ಇವತ್ತು ನಿಮಗಿರುವುದು ............ ಇದಕ್ಕೆ ಈಗ ಆಂಟಿಬಯಾಟಿಕ್ ಬೇಡ.
>
> ಜ್ವರ ಸಾಮಾನ್ಯವಾಗಿ ............ ದಿನ, ಕೆಮ್ಮು ............ ವಾರ ಇರಬಹುದು.
>
> ಮನೆಯಲ್ಲಿ ಮಾಡಬೇಕಾದದ್ದು: ............
>
> ಇವುಗಳಲ್ಲಿ ಒಂದು ಕಂಡರೂ ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ಹೋಗಿ: ಏದುಸಿರು ಅಥವಾ ಪಕ್ಕೆ ಸೆಳೆತ, ನೀರು-ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಷ್ಟು ಮಂಕು, ಫಿಟ್ಸ್, ಕತ್ತು ಬಿಗಿಯುವುದು, ಆರೇಳು ಗಂಟೆ ಮೂತ್ರ ಬಾರದಿರುವುದು, ಎಲ್ಲಿಂದಾದರೂ ರಕ್ತ.
>
> ಮೂರು ದಿನವಾದರೂ ಜ್ವರ ಬಿಡದಿದ್ದರೆ ಈ ಚೀಟಿ ಹಿಡಿದು ಬನ್ನಿ. ಫೀಸ್ ಇಲ್ಲ. ಮನೆಯಲ್ಲಿ ಉಳಿದ ಹಳೆಯ ಮಾತ್ರೆ, ಪಕ್ಕದ ಮನೆಯವರ ಮಾತ್ರೆ ಕೊಡಬೇಡಿ.
>
> ಸಹಿ: ............